ದನಿನ ಡಾಕ್ಟ್ರಮ್ಮನ ಮನೆಯ ಜಪಾನಿ ಹಾಟ್ ಡಾಗ್

ದನಕರುಗಳ ಕೆಲಸದಲ್ಲಿರುವವರ ಮನೆಯಲ್ಲಿ ಏನು ಬೇಯಿಸಿದರೂ ಊರವರ ಕಣ್ಣಿಗೆ ಅದೊಂದು ಕೇಸಾಗಿಯೇ ಕಾಣುತ್ತದೆ. ಹಾಲು ಒಡೆದರೆ ಹಸುವಿಗೆ ಕೆಚ್ಚಲು ಬಾವಾ ಅನ್ನುತ್ತಾರೆ, ಅನ್ನ ಸೀದರೆ ಕೊಟ್ಟಿಗೆಯಲ್ಲಿ ಏನು ಸುಟ್ಟಿರಿ ಅನ್ನುತ್ತಾರೆ. ನಾನು ನಮ್ಮ ಹೋಬಳಿಯ ಪಶು ಆಸ್ಪತ್ರೆಯಲ್ಲಿ ಪರೀಕ್ಷಕಿ. ಹುದ್ದೆಯ ಹೆಸರು ಉದ್ದಕ್ಕಿದೆ, ಅದನ್ನು ಪೂರ್ತಿ ಹೇಳಿದವರನ್ನು ನಾನಿನ್ನೂ ನೋಡಿಲ್ಲ. ಎಲ್ಲರ ಬಾಯಲ್ಲೂ ನಾನು ‘ದನಿನ ಡಾಕ್ಟ್ರಮ್ಮ’. ಇಂಥವಳ ಮನೆಯಲ್ಲಿ ಹಾಟ್ ಡಾಗ್ ಮಾಡಲು ಶುರುಮಾಡಿದರೆ ಏನೇನಾಗಬಹುದೋ ಅದೆಲ್ಲವೂ ಆಯಿತು.

ಮಾಡಿದ್ದು ನಾನಲ್ಲ, ನಮ್ಮ ಯಜಮಾನರು. ಅವರಿಗೆ ಹೆತ್ತೂರಿನ ಕಡೆ ಸಣ್ಣದೊಂದು ಕಾಫಿ ತೋಟ. ಆ ತೋಟಕ್ಕೆ ಓನರೂ ಅವರೇ, ಲೆಕ್ಕ ಬರೆಯುವ ರೈಟರೂ ಅವರೇ, ಹೆಚ್ಚಿನ ದಿನ ಆಳೂ ಅವರೇ. ಮೆಣಸು ಕೊಯ್ಯುವ ಕಾಲದಲ್ಲಿ ಏಣಿ ಜಾರಿ ಬಿದ್ದು ಬಲಗಾಲು ಮುರಿದುಕೊಂಡರು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿ, ನಡುಮನೆಯ ಮಂಚದ ಮೇಲೆ ಮಲಗಿಸಿದೆವು. ಬೆಳಗಾಗುವ ಮೊದಲೇ ತೋಟದಲ್ಲಿರುತ್ತಿದ್ದ ಮನುಷ್ಯ ಗೋಡೆಯ ಕಡೆ ಮುಖ ಹಾಕಿ ಮಲಗಿಬಿಟ್ಟರು. ಊಟಕ್ಕೆ ಕರೆದರೆ ‘ಹ್ಞೂಂ’, ಬಡಿಸಿದರೆ ‘ಸಾಕು’. ಅಷ್ಟು ಬಿಟ್ಟರೆ ಮಾತೇ ಇಲ್ಲ.

ನಮ್ಮ ಅತ್ತೆ ಒಲೆಯ ಮುಂದೆ ಕೂತು ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. “ಕಾಲು ಕೂಡ್ಕತದೆ ಕಣವ್ವ. ಅವನ ಮನ್ಸು ಮುರ್ದಂಗೈತಲ್ಲ, ಅದಕ್ಕೆ ಯಾವ ಪ್ಲಾಸ್ಟ್ರು ಹಾಕದು?” ಎಂದು ನನ್ನನ್ನು ಕೇಳುತ್ತಿದ್ದರು. ಹೊತ್ತು ಹೋಗಲಿ ಎಂದು ನನ್ನ ಹಳೆ ಫೋನನ್ನು ಯಜಮಾನರ ಕೈಗೆ ಕೊಟ್ಟೆ.

ಅದರಲ್ಲಿ ಬರುವ ವಿಡಿಯೊಗಳಲ್ಲಿ ಅವರಿಗೆ ಒಬ್ಬ ಜಪಾನಿ ಮುದುಕ ಸಿಕ್ಕಿದ. ಗುಬ್ಬಚ್ಚಿ ಗೂಡಿನಂಥ ಅಂಗಡಿಯಲ್ಲಿ ನಿಂತು ಉದ್ದನೆಯ ಬನ್ ಸೀಳುತ್ತಾನೆ, ಒಳಗೆ ಕೊಚ್ಚಿದ ಮಾಂಸ ತುಂಬಿದ ಸಾಸೇಜ್ ಇಡುತ್ತಾನೆ, ಮೇಲೆ ಎಲೆಕೋಸು, ನೂಡಲ್ಸು, ಕಂದು ಸಾಸು, ಬಿಳಿ ಸಾಸು, ಕರಿ ಎಲೆ ಏನೇನೋ ಉದುರಿಸುತ್ತಾನೆ. ಅದೇ ಹಾಟ್ ಡಾಗ್ ಅಂತೆ. ಒಂದೇ ಒಂದು ಮಾತಾಡುವುದಿಲ್ಲ. ಮಾತಾಡದ ಆ ಮುದುಕನಿಗೂ ಮಾತು ಬಿಟ್ಟ ನಮ್ಮ ಯಜಮಾನರಿಗೂ ಅದು ಹೇಗೋ ಹೊಂದಿಕೆಯಾಯಿತು. ಒಂದು ಸಂಜೆ ನಾನು ಡ್ಯೂಟಿ ಮುಗಿಸಿ ಬಂದು ಚಪ್ಪಲಿ ಬಿಡುತ್ತಿದ್ದೆ. ಮಂಚದ ಮೇಲಿಂದ ದನಿ ಬಂತು.

“ಲೇ, ಉದ್ದನೆ ಬನ್ನು ಎಲ್ಲಾದ್ರೂ ಸಿಗ್ತದೇನೇ?”

ಅತ್ತೆ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಓಡಿ ಬಂದರು. ಮಗ ಮಾತಾಡಿದ್ದ. ಬನ್ನು ಎಂದರೋ ಬಾಣಲೆ ಎಂದರೋ, ಆ ಹೊತ್ತಿಗೆ ನಮಗೆ ಎರಡೂ ಒಂದೇ.

ಕಡುಬಿನ ಪಾತ್ರೆ

ನಮ್ಮ ಅಡುಗೆಮನೆಯಲ್ಲಿ ಅತ್ತೆಯದೇ ಕಾನೂನು. ಗಂಡಸರು ಹೊಸ್ತಿಲ ಈಚೆಯಿಂದಲೇ ನೀರು ಕೇಳಬೇಕು. ಕಾಲು ಮುರಿದ ಮಗನಿಗೆ ಮಾತ್ರ ಅವರೇ ದಾರಿ ಹುಡುಕಿದರು. ಅವನು ಅಡುಗೆಮನೆಗೆ ಬರುವ ಹಾಗಿಲ್ಲ, ಅಡುಗೆಮನೆಯೇ ಅವನ ಹತ್ತಿರ ಹೋಗಬಹುದು. ಮಂಚದ ಪಕ್ಕದಲ್ಲಿ ಸ್ಟೂಲು, ಸ್ಟೂಲಿನ ಮೇಲೆ ಒಂದೇ ಬರ್ನರಿನ ಗ್ಯಾಸ್ ಒಲೆ. ಪ್ಲಾಸ್ಟರ್ ಹಾಕಿದ ಕಾಲನ್ನು ಕಾಫಿ ಬೀಜದ ಮೂಟೆಯ ಮೇಲೆ ಚಾಚಿಕೊಂಡು ಯಜಮಾನರು ದೊರೆಯ ಹಾಗೆ ಕೂತರು.

ಸಾಸೇಜು ತರುವುದಾದರೆ ಹಾಸನಕ್ಕೆ ಹೋಗಬೇಕು. ಐಸ್ ಪೆಟ್ಟಿಗೆಯಿಂದ ತೆಗೆದದ್ದು ಬಸ್ಸಿನಲ್ಲಿ ನಮ್ಮೂರು ಮುಟ್ಟುವ ಹೊತ್ತಿಗೆ ಏನಾಗಿರುತ್ತದೋ ದೇವರೇ ಬಲ್ಲ. ಹಾಗಾಗಿ ಮನೆಯಲ್ಲೇ ಮಾಡುವುದೆಂದು ನಿಶ್ಚಯವಾಯಿತು. ಹಂದಿ ಮಾಂಸವನ್ನು ಸಣ್ಣಗೆ ಕೊಚ್ಚಿಸಿ, ಅದಕ್ಕೆ ನಮ್ಮದೇ ಮೆಣಸು, ಶುಂಠಿ, ಬೆಳ್ಳುಳ್ಳಿ, ಒಂದು ಮೊಟ್ಟೆ ಹಾಕಿ ನಾದಿದರು. ತುಂಬುವುದಕ್ಕೆ ಕರುಳಿನ ಕೊಳವೆ ಇಲ್ಲ. ಬಾಳೆ ಎಲೆಯನ್ನು ಬೆಂಕಿಗೆ ಬಾಡಿಸಿ, ಅದರಲ್ಲಿ ಸುತ್ತಿ, ಎರಡೂ ತುದಿಗೆ ದಾರ ಕಟ್ಟಿದರು. ಮೊದಲ ಸಲ ಕೈಗೆ ಅಂದಾಜು ಸಿಗದೆ ಒಂದೊಂದೂ ಒನಕೆಯಷ್ಟು ದಪ್ಪ ಆಯಿತು.

“ಅವ್ವ, ಕಡುಬಿನ ಪಾತ್ರೆ ಕೊಡು. ಹಬೇಲಿ ಬೇಯಿಸ್ಬೇಕು.”

ಅತ್ತೆ ಪಾತ್ರೆ ಕೊಟ್ಟು ಎದುರಿಗೇ ಕೂತರು. ಬಾಳೆ ಎಲೆ ಸುತ್ತುವುದನ್ನು ನೋಡಿದರು, ಹಬೆ ಬರುವುದನ್ನು ನೋಡಿದರು. ಬೆಂದ ಮೇಲೆ ಎಲೆ ಬಿಚ್ಚಿ ಒಂದು ತುಂಡನ್ನು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿದರು. ಯಜಮಾನರು ಪರೀಕ್ಷೆ ಬರೆದ ಮಗುವಿನ ಹಾಗೆ ಅವರ ಮುಖವನ್ನೇ ನೋಡುತ್ತಿದ್ದರು.

“ರುಚಿ ಚೆನ್ನಾಗೈತೆ ಕಣೋ ಮಗ,” ಎಂದರು ಅತ್ತೆ. “ಕಡುಬಿಗೆ ಅಕ್ಕಿ ಹಾಕದ ಮರ್ತ್‌ಬುಟ್ಟಿದ್ದೀಯ, ಅಷ್ಟೇ.”

ಉದ್ದ ಬನ್ನು

ಬನ್ನು ತರುವ ಕೆಲಸ ನನ್ನದಾಯಿತು. ತಿಂಗಳ ಮೀಟಿಂಗಿಗೆ ಸಕಲೇಶಪುರಕ್ಕೆ ಹೋದಾಗ ಬಸ್‌ಸ್ಟ್ಯಾಂಡಿನ ಹತ್ತಿರದ ಬೇಕರಿಗೆ ನುಗ್ಗಿದೆ. ಬೇಕರಿಯವರಿಗೆ ನನ್ನ ಗುರುತು ಚೆನ್ನಾಗಿದೆ. ಅವರ ಊರಿನ ಎಮ್ಮೆಗೆ ನಾನೇ ಚುಚ್ಚುಮದ್ದು ಹಾಕುವುದು.

“ಉದ್ದ ಬನ್ನು ಮಾಡಿಕೊಡ್ತೀರಾ?” ಎಂದೆ.

“ದುಂಡು ಬನ್ನೈತೆ, ಖಾರ ಬನ್ನೈತೆ. ಉದ್ದದ್ದು ಯಾತಕ್ಕೆ ಮೇಡಂ?”

“ಮನೇಲಿ ಹಾಟ್ ಡಾಗ್‌ಗೆ ಬೇಕಿತ್ತು.”

ಬೇಕರಿಯವರ ಮುಖ ಮೆತ್ತಗಾಯಿತು. “ಡಾಗ್‌ಗಾ? ಅದಕ್ಕೆ ಹೊಸದು ಯಾಕೆ ಮೇಡಂ? ನಿನ್ನೆ ಮಿಕ್ಕಿದ್ದು ಐತೆ, ಹಂಗೇ ತಗಂಡೋಗಿ,” ಎಂದು ಒಂದು ದೊಡ್ಡ ಪೊಟ್ಟಣ ಕಟ್ಟಿಯೇಬಿಟ್ಟರು. ನಾನು ಹಾಗಲ್ಲ ಹೀಗೆ ಎಂದು ವಿವರಿಸಬೇಕೆನ್ನುವಷ್ಟರಲ್ಲಿ ಹೆತ್ತೂರಿನ ಬಸ್ಸು ಹಾರ್ನ್ ಹೊಡೆಯಿತು. ಅದು ತಪ್ಪಿದರೆ ನನಗೆ ಸಂಜೆಯವರೆಗೂ ಕಾಯುವ ಗತಿ. ಪೊಟ್ಟಣ ಹಿಡಿದುಕೊಂಡು ಓಡಿದೆ.

ಆಮೇಲೆ ಫೋನಿನಲ್ಲಿ ಅಳತೆ ಹೇಳಿ ಉದ್ದ ಬನ್ನು ಮಾಡಿಸಿದ್ದೂ ಆಯಿತು. ಮುಂದಿನ ತಿಂಗಳು ನಾನು ಮತ್ತೆ ಅಂಗಡಿಗೆ ಹೋದಾಗ ಬೇಕರಿಯವರು ಕನಿಕರದಿಂದ ಕೇಳಿದರು.

“ಹೆಂಗೈತೆ ಮೇಡಂ ಈಗ?”

ನಮ್ಮ ಯಜಮಾನರು ಏಣಿಯಿಂದ ಬಿದ್ದ ಸುದ್ದಿ ಆಲೂರಿನವರೆಗೂ ಹಬ್ಬಿತ್ತು. ಪಾಪ, ಅದನ್ನೇ ವಿಚಾರಿಸುತ್ತಿದ್ದಾರೆ ಎಂದುಕೊಂಡೆ.

“ಪರವಾಗಿಲ್ಲ. ಕಾಲಿಂದೇ ತೊಂದರೆ, ಇನ್ನೂ ಪ್ಲಾಸ್ಟರ್ ಬಿಚ್ಚಿಲ್ಲ. ನಡುಮನೇಲೇ ಮಲಗಿಸಿದ್ದೀವಿ. ಊಟ ಎಲ್ಲಾ ಅಲ್ಲಿಗೇ ಕೊಡ್ತೀವಿ. ಮೊದಲು ಮುಖ ತಿರುಗಿಸಿಕೊಂಡು ಬಿದ್ದಿರೋದೇ ಆಗಿತ್ತು, ಈಗ ಬನ್ನು ಅಂದ್ರೆ ಸಾಕು, ಎದ್ದು ಕೂರೋದು.”

ಬೇಕರಿಯವರು ತಲೆಯಾಡಿಸಿದರು. ಬನ್ನು ಕಟ್ಟುತ್ತಾ, ಸ್ವಲ್ಪ ಹಿಂಜರಿದು ಕೇಳಿದರು:

“ಕಚ್ಚುತ್ತಾ ಮೇಡಂ?”

ಕರಿ ಕಾಗದ

ಜಪಾನಿ ಮುದುಕ ಕೊನೆಯಲ್ಲಿ ಉದುರಿಸುತ್ತಿದ್ದ ಕರಿ ಎಲೆ ಸಮುದ್ರದ ಪಾಚಿಯೇ ಅಂತೆ. ಒಣಗಿಸಿ ಹಾಳೆ ಮಾಡಿರುತ್ತಾರೆ. ಯಜಮಾನರು ಫೋನಿನಲ್ಲೇ ಅದನ್ನು ತರಿಸಿದರು. ಕೊರಿಯರಿನವರು ನಮ್ಮ ಊರಿನವರೆಗೆ ಬರುವುದಿಲ್ಲವಾದ್ದರಿಂದ ಆಸ್ಪತ್ರೆಯ ವಿಳಾಸ ಕೊಟ್ಟಿದ್ದರು. ನನಗೆ ಹೇಳಲು ಮರೆತಿದ್ದರು.

ಆಸ್ಪತ್ರೆಗೆ ಬಂದ ಪಾರ್ಸೆಲ್‌ಗಳನ್ನೆಲ್ಲ ಬಿಚ್ಚುವುದು ನಮ್ಮ ಅಟೆಂಡರ್. ಒಳ್ಳೆಯ ಮನುಷ್ಯ, ಸ್ವಲ್ಪ ಕಿವಿ ಮಂದ. ಬಿಚ್ಚಿ ನೋಡಿದರೆ ತೆಳ್ಳಗೆ, ಚೌಕಾಕಾರವಾಗಿ, ಕಪ್ಪಗೆ ಹಾಳೆಗಳು. ಇಲಾಖೆಯವರು ಕೊನೆಗೂ ಕಾರ್ಬನ್ ಪೇಪರ್ ಕಳಿಸಿದರು ಎಂದು ಸಂತೋಷಪಟ್ಟು ರಸೀದಿ ಪುಸ್ತಕದೊಳಗೆ ಒಂದನ್ನು ಇಟ್ಟರು.

ಆ ಬೆಳಗ್ಗೆ ಒಬ್ಬ ಅಜ್ಜಿ ಮೇಕೆಯೊಂದನ್ನು ಹಗ್ಗ ಹಿಡಿದು ಎಳೆದುಕೊಂಡು ಬಂದಿದ್ದರು. ಅದು ಮೇವು ಬಿಟ್ಟು ಮೂಲೆ ಸೇರಿತ್ತಂತೆ. ನಾನು ನೋಡಿ ಔಷಧಿ ಕುಡಿಸಿ, ಕೈ ತೊಳೆಯಲು ಹಿಂದಕ್ಕೆ ಹೋದೆ. ಅಟೆಂಡರ್ ರಸೀದಿ ಬರೆಯಲು ಕೂತರು. ಮೇಲಿನ ಹಾಳೆಯಲ್ಲಿ ಬರೆದದ್ದು ಕೆಳಗಿನದರಲ್ಲಿ ಮೂಡಲಿಲ್ಲ. ಒತ್ತಿ ಬರೆದರು. ಕಾರ್ಬನ್ನು ಪುಡಿಪುಡಿಯಾಯಿತು. ಇನ್ನೊಂದು ಹಾಳೆ ತೆಗೆದರು, ಅದೂ ಅಷ್ಟೇ.

“ಥೂ, ಈಗಿನ ಕಾರ್ಬನ್ನಿಗೆ ಕಸುವೇ ಇಲ್ಲ. ಮೇಲಿಂದ ಮೀನಿನ ವಾಸ್ನೆ ಬೇರೆ,” ಎಂದು ಇಡೀ ಕಟ್ಟನ್ನೇ ಕಿಟಕಿಯ ಕೆಳಗಿನ ಬುಟ್ಟಿಗೆ ಎಸೆದರು.

ನಾನು ಕೈ ಒರೆಸಿಕೊಂಡು ಬಂದಾಗ ಮೇಕೆ ಬುಟ್ಟಿಯೊಳಗೆ ತಲೆ ಹಾಕಿತ್ತು. ಕರಕರ ಎಂದು ಶಬ್ದ ಬರುತ್ತಿತ್ತು. ತಲೆ ಎತ್ತಿದಾಗ ಅದರ ಗಡ್ಡದಲ್ಲಿ ಕರಿ ಚೂರುಗಳು, ಕಣ್ಣಿನಲ್ಲಿ ಹೊಸ ಹೊಳಪು. ಬಾಗಿಲಾಚೆಗೆ ನಡೆದು ಅಲ್ಲಿನ ಬೇಲಿಯ ಸೊಪ್ಪನ್ನೂ ತಿನ್ನಲು ಶುರುಮಾಡಿತು. ನನ್ನ ಔಷಧಿ ಹಿಡಿಯಿತು ಎಂದು ನಾನಂದೆ. ಅಜ್ಜಿ ಒಪ್ಪಲಿಲ್ಲ. ಅವರ ಕಣ್ಣೆದುರಿಗೇ ನಡೆದದ್ದು ಬೇರೆ ಇತ್ತು.

ಮನೆಯಲ್ಲಿ ವಿಷಯ ಹೇಳಿದಾಗ ಯಜಮಾನರು, “ಅದಕ್ಕಾದ್ರೂ ರುಚಿ ಗೊತ್ತಾಯ್ತಲ್ಲ ಬಿಡು,” ಎಂದರು.

ಅಜ್ಜಿ ಮುಂದಿನ ವಾರ ಬಂದರು. ಈ ಸಲ ಮೇಕೆ ಇರಲಿಲ್ಲ, ಪಕ್ಕದ ಮನೆಯವರನ್ನು ಕರೆತಂದಿದ್ದರು.

“ಡಾಕ್ಟ್ರಮ್ಮ, ಇವರ ಮೇಕೇನೂ ಮೇವು ಮುಟ್ತಿಲ್ಲ. ಆ ನೀರು ಔಸ್ತಿ ಬ್ಯಾಡ, ಕರಿ ಕಾಗ್ದ ಕೊಡಿ. ಸರ್ಕಾರದಿಂದ ಸಪ್ಲೈ ಬಂದಿಲ್ಲ ಅಂತ ಮಾತ್ರ ಹೇಳ್ಬ್ಯಾಡಿ, ನಾನೇ ಕಣ್ಣಾರೆ ಕಂಡೀನಿ!”

ಕುಣಿಯುವ ಮೀನು

ಎರಡನೇ ಪಾರ್ಸೆಲ್ ಬಂದಾಗ ನಾನೇ ಬಿಚ್ಚಿದೆ. ಬಡಗಿ ಕೀಸುಳಿಯಿಂದ ಎಬ್ಬಿಸಿದ ಮರದ ಹೆರೆಯ ಹಾಗೆ ಏನೋ ತೆಳ್ಳಗಿನ ಪದರುಗಳು. ಯಾವುದೋ ಸಮುದ್ರದ ಮೀನನ್ನು ಕಲ್ಲಿನಂತೆ ಒಣಗಿಸಿ ಹೀಗೆ ಹೆರೆಯುತ್ತಾರಂತೆ.

ಅಷ್ಟರಲ್ಲಿ ಯಜಮಾನರ ಕೈ ಕುದುರಿತ್ತು. ಸೋಯಾ ಸಾಸಿಗೆ ಬೆಲ್ಲ ಹಾಕಿ ಕುದಿಸಿ ಕಂದು ಸಾಸು ಮಾಡಿದ್ದರು. ನಮ್ಮ ಹಿತ್ತಲ ಶುಂಠಿಯನ್ನು ಎಳೆಎಳೆಯಾಗಿ ಸೀಳಿ ಹುಳಿಯಲ್ಲಿ ನೆನೆಹಾಕಿದ್ದರು. ಬನ್ನು ಸುಟ್ಟು, ಸಾಸೇಜನ್ನು ಬಾಣಲೆಯಲ್ಲಿ ಹೊರಳಿಸಿ, ಎಲೆಕೋಸು ತುಂಬಿ, ಸಾಸು ಬಳಿದು, ಕೊನೆಗೆ ಒಂದು ಹಿಡಿ ಮೀನಿನ ಹೆರೆ ಉದುರಿಸಿ ತಟ್ಟೆಯನ್ನು ತಮ್ಮ ಅವ್ವನ ಮುಂದೆ ಹಿಡಿದರು.

ಬಿಸಿಗೆ ಆ ಹೆರೆಗಳು ಅಲುಗಾಡಲು ಶುರುಮಾಡಿದವು. ಒಂದು ಬಗ್ಗಿತು, ಒಂದು ಎದ್ದಿತು, ಒಂದು ಪಕ್ಕದ್ದರ ಮೇಲೆ ಕೈ ಹಾಕಿದಂತೆ ಮಾಡಿತು.

“ಅಯ್ಯಯ್ಯೋ! ಹುಳ ಕಣ್ಲಾ! ಹೊಯ್ದಾಡ್ತಾವೆ!” ಅತ್ತೆ ಒಂದೇ ನೆಗೆತಕ್ಕೆ ಬಾಗಿಲ ಹತ್ತಿರ ಹೋದರು.

“ಹುಳ ಅಲ್ಲ ಕಣವ್ವ. ಒಣಮೀನು.”

“ನಾನು ಕಾಣದ ಒಣಮೀನಾ? ನಮ್ಮ ಸಂತೆ ಒಣಮೀನು ಸತ್ತ ಮೇಲೆ ಮರ್ವಾದೆಯಿಂದ ಬಿದ್ದಿರ್ತದೆ. ಇಂಗೆ ಕುಣಿಯಕಿಲ್ಲ!”

“ಬಿಸಿ ಹಬೆಗೆ ಅಂಗೆ ಆಡ್ತವೆ. ನೋಡು, ನಾನೇ ತಿಂತೀನಿ,” ಎಂದು ಯಜಮಾನರು ಕಚ್ಚಿಯೇಬಿಟ್ಟರು. ಅತ್ತೆ ಮುಖ ಮುಚ್ಚಿಕೊಂಡರು.

ಸಂಜೆ ನಾನು ಬಟ್ಟೆ ಮಡಚುತ್ತಿದ್ದಾಗ ಅತ್ತೆ ನನ್ನ ಕೆಲಸದ ಬ್ಯಾಗನ್ನು ಹಿಡಿದುಕೊಂಡು ಮೆಲ್ಲಗೆ ಪಕ್ಕಕ್ಕೆ ಬಂದರು. ಮಗನಿಗೆ ಕೇಳಿಸದ ಹಾಗೆ ಪಿಸುಗುಟ್ಟಿದರು.

“ನೋಡವ್ವ, ಇದ್ರಲ್ಲಿ ಜಂತುಹುಳದ ಔಸ್ತಿ ಐತಲ್ಲ. ಅವನಿಗೆ ಎಷ್ಟು ಹಾಕ್ಬೇಕು? ಕರುವಿನ ಲೆಕ್ಕವಾ, ಹೋರಿ ಲೆಕ್ಕವಾ?”

ಸೂಜಿಯಿಲ್ಲದ ಸಿರಿಂಜು

ಬಿಳಿ ಸಾಸನ್ನು ಜಪಾನಿ ಮುದುಕ ದಾರದಂತೆ ತೆಳ್ಳಗೆ, ಅಡ್ಡಡ್ಡ ಗೆರೆಯಾಗಿ ಎಳೆಯುತ್ತಿದ್ದ. ನಮ್ಮ ಮನೆಯಲ್ಲಿ ಮೊಟ್ಟೆ, ಎಣ್ಣೆ ಕಡೆದು ಮಾಡಿದ ಮಯೋನೀಸು ಚಮಚದಿಂದ ಹಾಕಿದರೆ ಗುಡ್ಡೆಯಾಗಿ ಬೀಳುತ್ತಿತ್ತು. ಯಜಮಾನರಿಗೆ ಅದೊಂದು ಕೊರಗಾಯಿತು. ಅವರು ಮತ್ತೆ ಗೋಡೆ ಕಡೆ ತಿರುಗಿಯಾರು ಎಂಬ ಹೆದರಿಕೆ ನನಗೆ. ಮೆಡಿಕಲ್ ಅಂಗಡಿಯಿಂದ ಹೊಸ ಸಿರಿಂಜನ್ನೇ ಕೊಂಡು ತಂದು ಕೊಟ್ಟೆ. ಕರುಗಳಿಗೆ ಬಾಯಿಂದ ಔಷಧಿ ಕುಡಿಸುತ್ತೇವಲ್ಲ, ಆ ಥರದ್ದು. ದಪ್ಪ, ಸೂಜಿಯಿಲ್ಲದ್ದು. ಗೆರೆ ಬಹಳ ಚೆನ್ನಾಗಿ ಬಂತು.

ಕಾಲು ಮುರಿದ ಅಳಿಯನನ್ನು ನೋಡಿಕೊಂಡು ಹೋಗಲು ಕೆ. ಹೊಸಕೋಟೆ ಕಡೆಯಿಂದ ಯಜಮಾನರ ಸೋದರಮಾವ ಬಂದದ್ದು ಅದೇ ವಾರ. ಒಳ್ಳೆಯ ಗಟ್ಟಿ ಆಳು. ಇಂಜೆಕ್ಷನ್ ಎಂದರೆ ಮಾತ್ರ ಬೆವರುತ್ತಾರೆ. ಬಾಗಿಲು ದಾಟಿ ಒಳಗೆ ಬಂದಾಗ ಅವರಿಗೆ ಕಂಡದ್ದು ಇಷ್ಟು: ಮಂಚದ ಮೇಲೆ ಅಳಿಯ, ಅವನ ಕೈಯಲ್ಲಿ ದನಿನ ಸಿರಿಂಜು, ಅದರೊಳಗೆ ಬೆಳ್ಳಗೆ ಗಟ್ಟಿಯಾದದ್ದೇನೋ.

“ಏನ್ಲಾ ಅದು?”

“ಮಯೋನೀಸು ಮಾವ.”

“ಯಾವುದಕ್ಕೆ ಕೊಡದು?”

“ಬನ್ನಿಗೆ ಮಾವ. ನಿಮಗೂ ಹಾಕ್ಲಾ? ಕುಂತ್ಕಳಿ.”

ಮಾವ ಕೂರಲಿಲ್ಲ. ನನ್ನನ್ನು ಕಣ್ಸನ್ನೆಯಲ್ಲಿ ಜಗಲಿಗೆ ಕರೆದರು. ಹೆಗಲ ಮೇಲಿನ ಟವೆಲಿನಿಂದ ಹಣೆ ಒರೆಸಿಕೊಂಡರು.

“ನೋಡಮ್ಮ, ನೀನು ಓದಿರೋಳು, ನಿನಗೆ ಹೇಳ್ಬಾರ್ದು. ಗಬ್ಬದ ಹಸೂಗೆ ನೀನು ಏನು ಬೇಕಾದ್ರೂ ಕೊಡು, ನಾನು ಕೇಳಕಿಲ್ಲ. ಇವನು ಮನುಷ್ಯ ಕಣಮ್ಮ. ಒಂದಿನ ಆದ್ರೂ ಮನುಷ್ಯರ ಡಾಕ್ಟ್ರಿಗೆ ತೋರ್ಸು.”

ತಣ್ಣಗಾಗುವ ಮುಂಚೆ

ಪ್ಲಾಸ್ಟರ್ ಬಿಚ್ಚಿದರು. ಯಜಮಾನರು ಕೋಲು ಹಿಡಿದು ಮನೆಯೊಳಗೆ ನಾಲ್ಕು ಹೆಜ್ಜೆ ಓಡಾಡತೊಡಗಿದರು. ಆ ಖುಷಿಗೆ ಒಂದು ದಿನ ನೂಡಲ್ಸು ಹಾಕಿದ, ಎಲ್ಲಾ ಸಾಸಿನ, ಪೂರ್ತಿ ಜಪಾನಿ ಮುದುಕನ ಹಾಗೇ ಇರುವ ಹಾಟ್ ಡಾಗ್ ಮಾಡಿದರು. ನಾನು ಬಿಸಿಬಿಸಿಯಾಗಿ ತಿನ್ನಬೇಕೆಂದು ಅವರ ಆಸೆ. ನನ್ನ ಫೋನಿಗೆ ಮಾಡಿದರು. ನಾನು ಬಿಸಿಲೆ ಕಡೆಯ ಒಂದು ಎಸ್ಟೇಟಿನಲ್ಲಿ ಕರು ಅಡ್ಡ ಸಿಕ್ಕಿಕೊಂಡ ಹಸುವಿನ ಹಿಂದೆ ನಿಂತಿದ್ದೆ. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಕೊನೆಗೆ ನಮ್ಮ ಅಟೆಂಡರಿಗೆ ಮಾಡಿದರು.

“ಮೇಡಂಗೆ ಹೇಳಿ, ಹಾಟ್ ಡಾಗ್ ರೆಡಿ ಐತೆ. ತಣ್ಣಗಾಗೋದ್ರೊಳಗೆ ಬರಬೇಕು ಅಂತ ಹೇಳಿ.”

ಅಟೆಂಡರ್ ಕಿವಿ ಮಂದ ಎಂದೆನಲ್ಲ. ಅವರಿಗೆ ‘ಡಾಗ್’ ಕೇಳಿಸಿತು, ‘ತಣ್ಣಗಾಗೋದ್ರೊಳಗೆ’ ಕೇಳಿಸಿತು. ಓಡಿಹೋಗಿ ನಮ್ಮ ಆಸ್ಪತ್ರೆಯ ಡಾಕ್ಟರ್ ಸಾಹೇಬರಿಗೆ ಹೇಳಿದರು.

“ಸಾರ್, ಮೇಡಮ್ಮೋರ ಮನೆ ನಾಯಿ ಹೋಗೋ ಹಂಗೈತಂತೆ. ತಣ್ಣಗಾಗೋದ್ರೊಳಗೆ ಬರ್ಬೇಕಂತೆ. ಮೇಡಮ್ಮೋರು ಫೋನಿಗೆ ಸಿಗ್ತಿಲ್ಲ.”

ನಮ್ಮ ಡಾಕ್ಟರು ಪ್ರಾಣಿಗಳೆಂದರೆ ಕರಗುವ ಮನುಷ್ಯ. ಊಟದ ಡಬ್ಬಿಯ ಮುಚ್ಚಳ ತೆಗೆದಿದ್ದವರು ಹಾಗೇ ಮುಚ್ಚಿಟ್ಟರು. ಗ್ಲೂಕೋಸ್ ಬಾಟಲಿ, ಇಂಜೆಕ್ಷನ್ ಎಲ್ಲ ತೆಗೆದುಕೊಂಡು ಅಟೆಂಡರನ್ನು ಜೀಪಿಗೆ ಹತ್ತಿಸಿ ಹೊರಟೇಬಿಟ್ಟರು.

ಮನೆಯೊಳಗೆ ನಡೆದದ್ದನ್ನು ಅತ್ತೆ ಆಮೇಲೆ ನನಗೆ ಹೇಳಿದರು. ಅಟೆಂಡರ್ ಬಾಟಲಿಯನ್ನು ತಲೆಯ ಮೇಲಕ್ಕೆತ್ತಿ ಹಿಡಿದುಕೊಂಡೇ ಒಳಗೆ ಬಂದು, ಸಣ್ಣ ದನಿಯಲ್ಲಿ “ಎಲ್ಲಿ ಮಲಗ್ಸಿದ್ದೀರಿ?” ಎಂದು ಕೇಳಿದರಂತೆ.

ಯಜಮಾನರು ಖುಷಿಯಿಂದ, “ಇಲ್ಲೇ, ತಟ್ಟೇಲಿ,” ಎಂದರಂತೆ.

“ತಟ್ಟೇಲಾ? ಅಯ್ಯೋ ದೇವ್ರೇ... ಕುಯ್ದುಬುಟ್ರಾ?”

“ಕುಯ್ಯದೇ ಹೆಂಗೆ? ಕುಯ್ದು, ಮಸಾಲೆ ಹಾಕಿ, ಬೇಯಿಸೀನಿ. ಬನ್ನಿ, ನಿಮಗೂ ಒಂದು ಕೊಡ್ತೀನಿ.”

ಅಟೆಂಡರ್ ಬಾಟಲಿ ಸಮೇತ ಗೋಡೆಗೆ ಒರಗಿ ಕೂತುಬಿಟ್ಟರಂತೆ.

ಇದ್ಯಾವುದೂ ನನಗೆ ಗೊತ್ತಿಲ್ಲ. ಹಸುವಿಗೆ ಹೆರಿಗೆ ಮಾಡಿಸಿ ನಾನು ಸ್ಕೂಟರಿನಲ್ಲಿ ಮನೆಯ ತಿರುವಿಗೆ ಬಂದರೆ ಅಂಗಳದಲ್ಲಿ ಆಸ್ಪತ್ರೆಯ ಜೀಪು ನಿಂತಿದೆ. ಯಜಮಾನರು ಮತ್ತೆ ಬಿದ್ದರೋ, ಅತ್ತೆಗೇ ಏನಾದರೂ ಆಯಿತೋ. ಸ್ಕೂಟರನ್ನು ಅಲ್ಲೇ ಬೇಲಿಗೆ ಒರಗಿಸಿ, ಗಮ್‌ಬೂಟಿನಲ್ಲೇ ಓಡಿದೆ. ಬಾಗಿಲಲ್ಲಿ ಡಾಕ್ಟರ್ ಸಾಹೇಬರೇ ಎದುರಾದರು. ಮುಖ ಗಂಭೀರವಾಗಿತ್ತು.

“ಸಾರ್... ಏನಾಯ್ತು ಸಾರ್?”

ಅವರು ಕರವಸ್ತ್ರದಿಂದ ಮೀಸೆಗೆ ಹತ್ತಿದ ಬಿಳಿ ಸಾಸನ್ನು ಒರೆಸಿಕೊಂಡರು.

“ಬಹಳ ಪ್ರಯತ್ನಪಟ್ಟೆ ಕಣಮ್ಮ,” ಎಂದರು. “ಒಂದೂ ಉಳೀಲಿಲ್ಲ.”

ಎಡೆ

ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅಂದು ಹಿರಿಯರಿಗೆ ಎಡೆ ಇಡುತ್ತೇವೆ. ತೀರಿಕೊಂಡವರಿಗೆ ಏನೇನು ಇಷ್ಟವಿತ್ತೋ ಅದನ್ನೆಲ್ಲ ಬಾಳೆ ಎಲೆಯ ಮೇಲೆ ಬಡಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲರೂ ಹೊರಗೆ ಬಂದು ಕೂರುವುದು. ಅವರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು ಬಾಗಿಲು ತೆರೆಯುವುದು.

ನಮ್ಮ ಮಾವನವರಿಗೆ, ಅಂದರೆ ಯಜಮಾನರ ಅಪ್ಪನಿಗೆ, ಕಡುಬು, ಕೋಳಿಸಾರು, ವಡೆ, ಒಂದು ಲೋಟ ಬ್ರಾಂದಿ, ಒಂದು ಕಟ್ಟು ಬೀಡಿ. ಅವರು ಹೋದಾಗಿನಿಂದ ಎಡೆ ಇಷ್ಟೇ, ಇದರಲ್ಲಿ ಬದಲಿಲ್ಲ. ಈ ಸಲ ಯಜಮಾನರು ಅಡುಗೆಮನೆಯ ಹೊಸ್ತಿಲ ಹತ್ತಿರ ಕೋಲೂರಿಕೊಂಡು ನಿಂತರು.

“ಅವ್ವ, ಅಪ್ಪಂಗೆ ಒಂದು ಹಾಟ್ ಡಾಗ್ ಇಡ್ತೀನಿ.”

“ಯಾಕ್ಲಾ? ಅವರೇನು ಜಪಾನಿಗೆ ಹೋಗಿದ್ರಾ?”

“ಅಪ್ಪಂಗೆ ಹೊಸದು ಅಂದ್ರೆ ಆಸೆ ಅಲ್ವೇನವ್ವ. ಈ ಊರಿಗೆ ಮೊದ್ಲು ಕುಕ್ಕರ್ ತಂದೋರು ಯಾರು?”

“ತಂದ್ರು. ಸೀಟಿ ಹೊಡೀತು ಅಂತ ಹೆದ್ರಿ ತ್ವಾಟಕ್ಕೆ ಓಡೋಗಿ ಕುಂತಿದ್ರು. ಅದೆಲ್ಲ ಬ್ಯಾಡ. ಎಡೆ ಅಂದ್ರೆ ಹುಡುಗಾಟ ಅಲ್ಲ. ಅವರಿಗೆ ಹಿಡಿಸ್ದೆ ಹಂಗೇ ಎದ್ದು ಹೋದ್ರೆ?”

ಯಜಮಾನರು ಹೋಗಿ ಮಂಚದ ಮೇಲೆ ಕೂತು ಗೋಡೆ ಕಡೆ ತಿರುಗಿದರು. ಅತ್ತೆ ಕಡುಬು ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಕಾಲು ಮುರಿದ ದಿನಗಳಲ್ಲಿ ಆ ಬೆನ್ನನ್ನು ನೋಡಿ ನೋಡಿ ಅವರು ಸೋತಿದ್ದರು. ನನ್ನ ಮುಖ ನೋಡಿದರು, ಮತ್ತೆ ಆ ಬೆನ್ನನ್ನು ನೋಡಿದರು.

“ಒಂದೇ ಒಂದು ಇಡು,” ಎಂದರು ಒಳಗಿಂದಲೇ. “ಓರೇಲಿ ಇಡು. ಕಡುಬಿಗೆ ತಾಗ್ಬಾರ್ದು.”

ಯಜಮಾನರು ತಮ್ಮ ವಿದ್ಯೆಯನ್ನೆಲ್ಲ ಸುರಿದು ಒಂದು ಮಾಡಿದರು. ಅಪ್ಪನಿಗೆ ಮೀನು ಇಷ್ಟ ಎಂದು ಮೀನಿನ ಹೆರೆಯನ್ನು ಎರಡು ಹಿಡಿ ಉದುರಿಸಿದರು. ಎಲೆಯ ಒಂದು ಅಂಚಿನಲ್ಲಿ, ಕಿಟಕಿಯ ಪಕ್ಕಕ್ಕೆ ಅದನ್ನಿಟ್ಟರು. ಕೋಳಿಸಾರಿನ ಬಟ್ಟಲಿಗೆ, ಕಡುಬಿನ ತಟ್ಟೆಗೆ ಅತ್ತೆ ಇನ್ನೊಂದು ಎಲೆ ಮುಚ್ಚಿದರು. ಧೂಪ ಹಾಕಿ, ಕೈ ಮುಗಿದು, ಬಾಗಿಲು ಎಳೆದುಕೊಂಡು ಜಗಲಿಗೆ ಬಂದು ಕೂತೆವು. ಯಜಮಾನರು ಕೋಲಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುತ್ತಿದ್ದರು.

ಅತ್ತೆಯೇ ಎದ್ದು ಹೋಗಿ ಬಾಗಿಲು ತೆರೆದರು. ತೆರೆದವರು ಅಲ್ಲೇ ನಿಂತುಬಿಟ್ಟರು.

ಕಡುಬು ಇಟ್ಟ ಹಾಗೇ ಇತ್ತು. ಕೋಳಿಸಾರು ಇಟ್ಟ ಹಾಗೇ ಇತ್ತು. ಬ್ರಾಂದಿ ಒಂದು ಗುಟುಕೂ ಇಳಿದಿರಲಿಲ್ಲ. ಹಾಟ್ ಡಾಗ್ ಮಾತ್ರ ಇರಲಿಲ್ಲ. ಬನ್ನಿನ ಒಂದು ಚೂರು, ಒಂದೆರಡು ಎಳೆ ಶುಂಠಿ, ನೆಕ್ಕಿ ಹೊಳಪು ಬಂದ ಬಾಳೆ ಎಲೆ, ಅಷ್ಟೇ.

ಕಿಟಕಿಯ ಚಿಲಕ ಹಾಕಿರಲಿಲ್ಲ. ಕಟ್ಟೆಯ ಮೇಲೆ ಮಯೋನೀಸಿನಲ್ಲಿ ಅಚ್ಚೊತ್ತಿದಂತೆ ಒಂದು ಪುಟ್ಟ ಹೆಜ್ಜೆ, ನಾಲ್ಕು ದುಂಡು ಬೆರಳು. ನನ್ನ ಕಸುಬಿನವರಿಗೆ ಅದು ಬೆಕ್ಕಿನ ಹೆಜ್ಜೆ ಎಂದು ಬೇರೆ ಹೇಳಬೇಕಾಗಿಲ್ಲ. ಯಜಮಾನರೂ ನೋಡಿದರು. ಇಬ್ಬರ ಕಣ್ಣೂ ಕೂಡಿತು. ನಾನು ಕಿಟಕಿ ಮುಚ್ಚುವ ನೆಪದಲ್ಲಿ ಹೋಗಿ ಸೆರಗಿನ ತುದಿಯಿಂದ ಅದನ್ನು ಒರೆಸಿಬಿಟ್ಟೆ.

ಅತ್ತೆ ಎಲೆಯ ಮುಂದೆ ಮೆಲ್ಲಗೆ ಕೂತರು. ಕಣ್ಣಲ್ಲಿ ನೀರಿತ್ತು.

“ಬಂದಿದ್ರು ಕಣೋ ನಿಮ್ಮಪ್ಪ,” ಎಂದರು. ಮಗನ ಕೈ ಹಿಡಿದುಕೊಂಡರು. ಆಮೇಲೆ ಮುಚ್ಚಿದ್ದ ಎಲೆ ಸರಿಸಿ, ತಮ್ಮ ಕಡುಬನ್ನು ನೋಡಿದರು. ಒಂದನ್ನೂ ಮುಟ್ಟಿರಲಿಲ್ಲ. ಅವರ ಮುಖ ಬದಲಾಯಿತು.

“ಮದ್ವೆ ಆದಾಗಿಂದ ಬೇಯ್ಸಿ ಹಾಕಿದೆ. ಒಂದಿನ ಎಲೆ ನೆಕ್ಕಿದ್ದ ಕಾಣೆ ನಾನು,” ಎಂದು ಗೊಣಗಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದರು.

“ಮಗ, ನಾಳೆ ನಂಗೂ ಅದ ಮಾಡದ ಹೇಳ್ಕೊಡು.”

“ನಿಂಗ್ಯಾಕವ್ವ?”

“ಯಾಕಾ? ಇವತ್ತಲ್ಲ ನಾಳೆ ನಾನೂ ಅವರ ತಾವ್ಕೇ ಹೋಗದು ತಾನೇ? ಹೋದ ತಕ್ಷಣ ಅವರು ಅದನ್ನೇ ಕೇಳದು. ಬರಕಿಲ್ಲ ಅಂದ್ರೆ, ಕಲ್ತ್ಕಂಡು ಬಾ ಹೋಗು ಅಂತ ತಿರ್ಗ ಇಲ್ಲಿಗೇ ಕಳಿಸ್ಬುಡ್ತಾರೆ ಮಾರಾಯ!”